ಕೈಯ ಮುದ್ರೆ, ಮನದ ಮುದ್ರೆ



2020ರ ಮಾರ್ಚ್ ತಿಂಗಳಲ್ಲಿ ಕೊರೊನಾ ಸೋಂಕಿನಿಂದ ದೇಶದ ಮೊದಲ ಸಾವು ನಮ್ಮ ಕಲಬುರಗಿಯಲ್ಲಿ ಸಂಭವಿಸಿತು. ಅದೇ ತಿಂಗಳು, ಮನೆಯಲ್ಲೇ ಪ್ರತ್ಯೇಕವಾಗಿರಬೇಕಾದ ವಿದೇಶದಿಂದ ಮರಳಿದವರ ಕೈಗೆ ಸರ್ಕಾರ ಸುಲಭವಾಗಿ ಅಳಿಸದ ಶಾಯಿಯ ಮುದ್ರೆಯೊತ್ತಿತು. ರೋಗದ ಸ್ವರೂಪ ಯಾರಿಗೂ ಪೂರ್ಣವಾಗಿ ತಿಳಿಯದ ಆ ದಿನಗಳಲ್ಲಿ ಭಯವು ಸಹಜವೇ, ಭಯ ಪಾಪವಲ್ಲ. ಆದರೆ ಎಚ್ಚರಿಕೆಗೆಂದು ಒತ್ತಿದ ಮುದ್ರೆಯನ್ನು ಹಲವರು ಅಪರಾಧದ ಗುರುತೆಂದು ಓದಿದರು.

ನೆರೆಯವರಿಂದ ದೂರವಿರುವುದು ಅಂದು ಕರ್ತವ್ಯವಾಗಿತ್ತು, ಅವರನ್ನು ದೂರಮಾಡುವುದಲ್ಲ. ಹೊಸ್ತಿಲಾಚೆ ಹಾಲು, ಔಷಧಿ ಇಟ್ಟು ಕ್ಷೇಮ ವಿಚಾರಿಸಿದವನೂ ಅಂತರ ಕಾಯ್ದುಕೊಂಡ. ಆ ಮನೆಯನ್ನು ಹಳಿದವನೂ ಅಂತರ ಕಾಯ್ದುಕೊಂಡ. ಅಳತೆ ಒಂದೇ, ಅಂತಃಕರಣ ಬೇರೆ. ಮುಂದೊಮ್ಮೆ ಅಂಥ ಕಾಲ ಬಂದರೆ, ನಮ್ಮ ಅಂತರ ಯಾರ ರಕ್ಷಣೆಗೆಂದು ನಮ್ಮನ್ನೇ ನಾವು ಕೇಳಿಕೊಳ್ಳೋಣ.