ಹಳತಾಯಿತೆಂದು ಹೇಳುವವರು ಯಾರು?

ಸರಕಾರಿ ಕಚೇರಿಯಲ್ಲಿ ಒಂದು ಮುರುಕು ಕುರ್ಚಿಯನ್ನು ಹೊರಗೆ ಹಾಕುವುದು ಹೊರಗಿನವರು ತಿಳಿದಷ್ಟು ಸುಲಭವಲ್ಲ. 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಅದು ಹೆಚ್ಚುವರಿಯೋ, ಕಾಲ ಮೀರಿದ್ದೋ, ಉಪಯೋಗಕ್ಕೆ ಬಾರದ್ದೋ ಎಂದು ಘೋಷಿಸಬೇಕು; ಹಾಗೆ ಘೋಷಿಸಲು ಕಾರಣವನ್ನೂ ದಾಖಲಿಸಬೇಕು. ನಮ್ಮನ್ನು ಕಡತದ ಹುಳುಗಳೆಂದು ನಗುವವರುಂಟು, ನಗಲಿ. ಈ ನಿಯಮದಲ್ಲಿ ಒಂದು ನ್ಯಾಯವಿದೆ. 'ಹಳೆಯದು' ಎಂಬುದು ಬೇರೆ, 'ಕೆಲಸಕ್ಕೆ ಬಾರದು' ಎಂಬುದು ಬೇರೆ. ಮೊದಲನೆಯದರಿಂದ ಎರಡನೆಯದಕ್ಕೆ ಹೋಗಬೇಕಾದರೆ ಯಾರಾದರೂ ಕಾರಣ ಕೊಡಬೇಕು.

ಮನೆಯ ಗಣಕಯಂತ್ರಕ್ಕೆ ಈ ನ್ಯಾಯ ದೊರೆಯುವುದಿಲ್ಲ. ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಟಿ.ಪಿ.ಎಂ. 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು. ಇಂಟೆಲ್ ಪ್ರೊಸೆಸರಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯದೋ ಆಮೇಲಿನದೋ ಆಗಿರಬೇಕು. ಭದ್ರತೆಯ ಕಾರಣ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ನಿನ್ನೆಯವರೆಗೆ ಪತ್ರ ಬರೆದು ಲೆಕ್ಕ ಇಟ್ಟ ಯಂತ್ರದ ಒಂದು ಸ್ಕ್ರೂ ಕೂಡ ಸಡಿಲವಾಗಿಲ್ಲ. ಹುಡುಗನ ಮುಖ ನೋಡದೆ ಜಾತಕ ನೋಡಿಯೇ ಬೇಡವೆಂದ ಹಾಗಾಯಿತು.

ನನ್ನ ತಂಗಿಯ ಮಗನ ಬಳಿ ಇರುವುದು ನಾಲ್ಕನೆಯ ಪೀಳಿಗೆಯ ಇಂಟೆಲ್‌ನ, 4 ಜಿ.ಬಿ. ಮೆಮೊರಿಯ ಲ್ಯಾಪ್‌ಟಾಪ್, ಆಸೆ ಮಾತ್ರ ಆಟ ಆಡಬೇಕೆಂದು. ಅವನು ಅದಕ್ಕೆ ಲಿನಕ್ಸ್ ಹಾಕಿಕೊಂಡ. ನೆಹರೂ ಪ್ಲೇಸಿನಿಂದ ಇನ್ನೊಂದು 4 ಜಿ.ಬಿ. ಪಟ್ಟಿ ತಂದ. ಚಿತ್ರ ಬಿಡಿಸುವ ಭಾಗಕ್ಕೆ ಸ್ವಂತ ಮೆಮೊರಿ ಇಲ್ಲದ ಇಂಥ ಯಂತ್ರದಲ್ಲಿ ಎರಡು ಪಟ್ಟಿಗಳಿದ್ದರೆ ಮಾಹಿತಿ ಸಾಗುವ ದಾರಿಯೂ ಎರಡಾಗುತ್ತದೆ, ನನ್ನ ಬಿ.ಎಸ್‌ಸಿ. ಭೌತಶಾಸ್ತ್ರಕ್ಕೂ ಅರ್ಥವಾಗುವ ಮಾತು. ಸುತ್ತುವ ಹಾರ್ಡ್ ಡಿಸ್ಕ್ ತೆಗೆದು ಎಸ್.ಎಸ್.ಡಿ. ಕೂರಿಸಿದ. ಫ್ಯಾನಿನ ಧೂಳು ತೆಗೆದು, ಒಣಗಿದ್ದ ಶಾಖದ ಪೇಸ್ಟ್ ಬದಲಿಸಿದ, ಏಕೆಂದರೆ ಪ್ರೊಸೆಸರ್ ಕಾದರೆ ತಾನಾಗಿಯೇ ನಿಧಾನವಾಗುತ್ತದೆ. ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಪರದೆ ವ್ಯವಸ್ಥೆ ಸಾಕೆಂದ. ಪರದೆಯನ್ನು 1366×768ರಿಂದ 1024×576ಕ್ಕೆ ಇಳಿಸಿದಾಗ ಬಿಡಿಸಬೇಕಾದ ಬಿಂದುಗಳು ಶೇಕಡಾ 44ರಷ್ಟು ಕಡಿಮೆಯಾದವು.

ವಿಂಡೋಸಿನ ಆಟಗಳನ್ನು ಲಿನಕ್ಸಿನಲ್ಲಿ ನಡೆಸುವ ವೈನ್ 1993ರಿಂದ ಬೆಳೆದು ಬಂದದ್ದು. ಅದನ್ನು ಆಧರಿಸಿ ವಾಲ್ವ್ ಕಂಪನಿ 2018ರಲ್ಲಿ ಪ್ರೋಟಾನ್ ಹೊರತಂದಿತು. ಡೈರೆಕ್ಟ್‌ಎಕ್ಸ್‌ನಲ್ಲಿ ಬಂದ ಆಜ್ಞೆಯನ್ನು ಅದು ವಲ್ಕನ್‌ಗೆ ಅನುವಾದಿಸುತ್ತದೆ. ತೊಡಕು ಇಲ್ಲೇ ಇದೆ: ಆ ಪೀಳಿಗೆಯ ಇಂಟೆಲ್‌ನಲ್ಲಿ ವಲ್ಕನ್ ಅರೆಬರೆ. ಓಪನ್‌ಜಿಎಲ್ ಎಂಬ ಹಳೆಯ ದಾರಿ ಹಿಡಿದರೆ ಕೆಲವು ಆಟಗಳು ನಡೆಯುತ್ತವೆ. ಹೊಸ ದೊಡ್ಡ ಆಟಗಳು ಇಲ್ಲವೇ ಇಲ್ಲ. ಮೋಸ ತಡೆಯುವ ಕಾವಲು ತಂತ್ರಾಂಶವಿರುವ ಹಲವು ಆಟಗಳಂತೂ ಎಂಥ ಯಂತ್ರವಿದ್ದರೂ ಲಿನಕ್ಸನ್ನು ಬಾಗಿಲಲ್ಲೇ ತಡೆಯುತ್ತವೆ.

ಆಟಕ್ಕಾಗಿ ಇಷ್ಟು ಪಾಡೇ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಲೆಕ್ಕಪತ್ರಕ್ಕಾಗಿ ಮಾಡಿದ್ದರೆ ಅವರೇ ಭೇಷ್ ಎನ್ನುತ್ತಿದ್ದರು. ಪತ್ರ ಬರೆಯುವ ಕೆಲಸದಲ್ಲಿ ಯಂತ್ರದ ದೌರ್ಬಲ್ಯ ಮುಚ್ಚಿಹೋಗುತ್ತದೆ; ಆಟದಲ್ಲಿ ಅದರ ಕಟ್ಟಕಡೆಯ ಶಕ್ತಿಯೂ ಬಯಲಿಗೆ ಬರುತ್ತದೆ. ಯಾವುದಕ್ಕೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಎಂದು ಪರೀಕ್ಷಿಸಿ ತಿಳಿದವನಿಗೆ ತಾನೇ ಕಾರಣ ಬರೆಯುವ ಅಧಿಕಾರ?

ಲಿನಕ್ಸಿನವರೇನು ಹಳೆಯದನ್ನು ಕೈಬಿಡುವುದಿಲ್ಲವೇ ಎಂದೂ ಕೇಳಬಹುದು. ಬಿಡುತ್ತಾರೆ. ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಅದನ್ನು ಬರೆದದ್ದು 386 ಯಂತ್ರದ ಮೇಲೆ. ಆ 386ರ ಬೆಂಬಲವನ್ನೇ 2012ರ ಡಿಸೆಂಬರಿನಲ್ಲಿ ತೆಗೆದರು. ಹೆತ್ತ ಮನೆಯಿಂದಲೇ ಅಜ್ಜನನ್ನು ಹೊರಗೆ ಕಳಿಸಿದಂತೆ. ಆದರೆ ಅದನ್ನು ಹೊತ್ತುಕೊಂಡು ಹೋಗುವ ಶ್ರಮ ಹೆಚ್ಚಾಯಿತೆಂಬ ಕಾರಣವನ್ನು ಎಲ್ಲರೂ ಓದುವಂತೆ ಬರೆದರು. ಹಳೆಯ ಮೂಲ ಬರಹವೂ ಬೇಕಾದವರಿಗೆ ಇಂದಿಗೂ ಸಿಗುತ್ತದೆ.

ನಾವು ಎಸೆದದ್ದು ಎಲ್ಲಿಗೆ ಹೋಗುತ್ತದೆಂಬುದನ್ನು ನೋಡಬೇಕಾದರೆ ದಿಲ್ಲಿಯವರು ಯಮುನೆ ದಾಟಿದರೆ ಸಾಕು. ಸೀಲಂಪುರದಲ್ಲಿ ಬರಿಗೈಯಿಂದ ಬೋರ್ಡು ಒಡೆಯುತ್ತಾರೆ. ತಾಮ್ರಕ್ಕಾಗಿ ತಂತಿ ಸುಟ್ಟ ಹೊಗೆ ಯಾರದೋ ಎದೆಗೆ ಹೋಗುತ್ತದೆ. ಇ-ತ್ಯಾಜ್ಯದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ; ಹೊಣೆ ತಯಾರಕರದು ಎನ್ನುತ್ತವೆ. ಅತ್ತ, ಅಲ್ಲಿನವರ ಹೊಟ್ಟೆಪಾಡೂ ನಾವು ಎಸೆಯುವುದರಿಂದಲೇ ನಡೆಯುತ್ತದೆ. ನಾನು ಯಂತ್ರವನ್ನು ಇನ್ನು ಮೂರು ವರ್ಷ ಉಳಿಸಿಕೊಂಡರೆ ಅವರಿಗೆ ಉಪಕಾರವೋ ಅಪಕಾರವೋ, ಈ ಗಂಟು ನನ್ನಿಂದ ಬಿಡಿಸಲಾಗಿಲ್ಲ. ಹುಡುಗ ತೆಗೆದಿಟ್ಟ ಹಾರ್ಡ್ ಡಿಸ್ಕ್ ನಮ್ಮ ಕಪಾಟಿನಲ್ಲೇ ಇದೆ. ಕಬಾಡಿಯವನು ಎರಡು ಸಲ ಕೇಳಿಕೊಂಡು ಹೋಗಿದ್ದಾನೆ.