ನೋಡುವವರಿಲ್ಲದಾಗಿನ ನಡತೆ

ಜೋಯಿಡಾ ಸೀಮೆಯಲ್ಲಿ ಹುಟ್ಟಿ, ದಾಂಡೇಲಿಯನ್ನು ಹಾದು, ಕಾಳಿ ನದಿಯು ಸೇರುವ ಪಡುಗಡಲಿನಲ್ಲಿಯೇ ಮುರ್ಡೇಶ್ವರದೆದುರು ನೇತ್ರಾಣಿ ದ್ವೀಪವಿರುವುದು. ಅದರ ಸುತ್ತಲೂ ಹವಳವೂ ಬಣ್ಣಬಣ್ಣದ ಮೀನುಗಳೂ ಉಂಟು. ಹಿಂದೂ ಮಹಾಸಾಗರದ ಇಂತಹ ಹವಳದ ನೆಲೆಗಳಲ್ಲಿ, ನೀಲಿ ಮೈಗೆ ಕರಿಯ ಪಟ್ಟೆಯುಳ್ಳ ಬೆರಳುದ್ದದ ಮೀನೊಂದು ದೊಡ್ಡ ಮೀನುಗಳ ಮೈಮೇಲಿನ ಕ್ರಿಮಿಗಳನ್ನು ಆಯ್ದು ತಿಂದು ಜೀವಿಸುವುದು. ಅದಕ್ಕೆ ಹೆಚ್ಚು ರುಚಿಸುವುದಾದರೋ ಆ ಮೀನುಗಳ ಮೈಯ ಲೋಳೆ. ಅದನ್ನು ಕಚ್ಚುವುದೇ ವಂಚನೆ. ಬೇರೆ ಮೀನುಗಳು ನೋಡುತ್ತಿರುವಾಗ ಅದು ವಂಚಿಸುವುದು ಕಡಮೆಯೆಂದು 2011ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿತು.

ಮನುಷ್ಯನ ಶೀಲವೂ ಇಷ್ಟೇ ಏನು? ಲೋಕಾಪವಾದಕ್ಕಂಜಿ ನೇರಾಗಿ ನಡೆಯುವುದು ಹಳಿಯತಕ್ಕುದಲ್ಲ; ಹಳಿಯಾಳದ ಸಂತೆ ನಡೆಯಲು ಅಷ್ಟು ಸಾಕು. ಆದರೆ ಕೊಳ್ಳುವವನು ಮುಖ ತಿರುಗಿಸಿದಾಗಲೂ ತಕ್ಕಡಿಯ ಮುಳ್ಳು ನೆಟ್ಟಗೆ ನಿಂತರೆ ಮಾತ್ರ ಅದು ಧರ್ಮವೆನಿಸುವುದು. ಅಲ್ಲಿ ನೋಡುವವನು ಅಂತರಾತ್ಮನೊಬ್ಬನೇ.