ವಾಜಶ್ರವಸನ ಗೋವುಗಳು ಮತ್ತು ನಮ್ಮ ಪುಸ್ತಕದಾನ



ನವರಾತ್ರಿಯಲ್ಲಿ ಮೂಲಾ ನಕ್ಷತ್ರದಂದು ಮನೆಮನೆಗಳಲ್ಲಿ ಪುಸ್ತಕಗಳನ್ನು ಪೀಠದ ಮೇಲೆ ಜೋಡಿಸಿ ವಾಗ್ದೇವತೆಯನ್ನು ಆವಾಹಿಸುತ್ತೇವೆ. ಬೆನ್ನಿಗೇ ಶ್ರೀಮದಾಚಾರ್ಯರು ಅವತರಿಸಿದ ವಿಜಯದಶಮಿಯು ಬರುತ್ತದೆ. ಪೂಜೆ ಮುಗಿದ ಮೇಲೆ ಆ ಪುಸ್ತಕಗಳು ಹೋಗುವುದೆಲ್ಲಿಗೆ? ಬಹುಪಾಲು ಮತ್ತೆ ಅಟ್ಟಕ್ಕೆ, ಗೆದ್ದಲಿನ ಬಾಯಿಗೆ. ಈ ಚಿಂತೆಯಿಂದಲೇ ನಾವು ಕೆಲವರು ಸೇವಾರ್ಥಿಗಳು ದೇವಸ್ಥಾನದ ಪಡಸಾಲೆಯಲ್ಲಿ ಹಳೆಯ ಪುಸ್ತಕಗಳನ್ನು ಸಂಗ್ರಹಿಸಿ, ಬೇಕಾದವರಿಗೆ ಬೆಲೆಯಿಲ್ಲದೆ ಕೊಡುವ ಕಾರ್ಯವನ್ನು ಕೈಗೊಂಡೆವು.

ಮೊದಲ ತಿಂಗಳಲ್ಲಿಯೇ ಪಡಸಾಲೆ ತುಂಬಿತು. ಯಾವುದರಿಂದ? ಮೊದಲರ್ಧ ಹರಿದುಹೋದ ನಿಘಂಟು, ಎಂದೋ ಮುಗಿದ ಪರೀಕ್ಷೆಗಳ ಗೈಡುಗಳು, ಎರಡು ಚೀಲ ಹಳೆಯ ಪಂಚಾಂಗಗಳು! 6ರಿಂದ 10ನೆಯ ತರಗತಿಗಳ ಕನ್ನಡ ಮತ್ತು ಸಮಾಜವಿಜ್ಞಾನ ಪಠ್ಯಗಳು 2022ರಲ್ಲಿ ಪರಿಷ್ಕೃತವಾಗಿ, 2023ರಲ್ಲಿ ಮತ್ತೆ ತಿದ್ದುಪಡಿಯಾದವಷ್ಟೆ. ಅದಕ್ಕೂ ಹಿಂದಿನ ಪುಸ್ತಕಗಳನ್ನು ಇಲ್ಲಿಂದ ಹೊತ್ತೊಯ್ದ ಬಾಲಕನೊಬ್ಬನು ಶಾಲೆಯಿಂದ ಅಳುತ್ತ ಹಿಂದಿರುಗಿದನು. ಮುದ್ರಣದ ವರ್ಷವನ್ನು ನೋಡದೆ ಕೊಟ್ಟ ತಪ್ಪು ನಮ್ಮದೇ.

ಶ್ರೀಮದಾಚಾರ್ಯರು ಭಾಷ್ಯವನ್ನು ಅನುಗ್ರಹಿಸಿರುವ ಕಾಠಕೋಪನಿಷತ್ತಿನ ಪ್ರಾರಂಭವು ಅಂದು ನಮಗೆ ನೆನಪಾಯಿತು. ವಾಜಶ್ರವಸನು ಸರ್ವಸ್ವದಾನದ ಯಾಗವನ್ನು ಕೈಗೊಂಡರೂ ದಕ್ಷಿಣೆಯಾಗಿ ಕೊಟ್ಟದ್ದು ಹಾಲು ಬತ್ತಿದ ಮುದಿ ಗೋವುಗಳನ್ನು. ಅದನ್ನು ಕಂಡು ಬಾಲಕನಾದ ನಚಿಕೇತನು ತಂದೆಯ ಗತಿಯೇನೆಂದು ಕಳವಳಗೊಂಡನು.

ಆದರೆ ಉಪಯೋಗಿಸಿದ ಪುಸ್ತಕವೆಲ್ಲವೂ ಬತ್ತಿದ ಗೋವಲ್ಲ. ಹಸುವಿನ ಕೆಚ್ಚಲು ಒಂದು ದಿನ ಬರಿದಾದೀತು. ಹತ್ತು ಜನರು ಓದಿದ ಭಗವದ್ಗೀತೆಯು ಹನ್ನೊಂದನೆಯವನಿಗೂ ಅಷ್ಟೇ ಹಾಲನ್ನು ಕರೆಯುತ್ತದೆ. ಅಂದಿನಿಂದ ನಾವು ಹಳತೋ ಹೊಸತೋ ಎಂಬುದನ್ನು ಬಿಟ್ಟು, ಪಡೆಯುವವನಿಗೆ ಇದರಲ್ಲಿ ಹಾಲುಂಟೋ ಎಂದು ನೋಡತೊಡಗಿದೆವು. ಹಾಲಿಲ್ಲದುದನ್ನು ರದ್ದಿಗೆ ಹಾಕಿ, ಬಂದ ಹಣದಲ್ಲಿ ರಟ್ಟು, ದಾರ, ಅಂಟುಗಳನ್ನು ಕೊಂಡು ಉಳಿದವನ್ನು ಹೊಲಿದೆವು.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧಸತ್ಯವಾದೀತು. ವೃದ್ಧೆಯೊಬ್ಬರು ತಮ್ಮ ದಿವಂಗತ ಯಜಮಾನರ ಪುಸ್ತಕಗಳನ್ನು ತಂದಿತ್ತರು. ಅವುಗಳಲ್ಲಿ ಸುಮಧ್ವವಿಜಯದ ಸಟೀಕ ಪ್ರತಿಯೊಂದಿತ್ತು. ಅಂಚುಗಳಲ್ಲೆಲ್ಲ ಆ ಗೃಹಸ್ಥರು ಪೆನ್ಸಿಲಿನಲ್ಲಿ ಬರೆದ ಅನ್ವಯಗಳು, ಸಂಶಯಗಳು. ಅದನ್ನು ಮೇಜಿನ ಮೇಲಿಡಲು ನಮಗೆ ಮನಸ್ಸು ಬರಲಿಲ್ಲ. ಯೋಗ್ಯರು ಬಂದಾಗ ಕೊಡೋಣವೆಂದು ನಮ್ಮ ಪೆಟ್ಟಿಗೆಯಲ್ಲಿಟ್ಟೆವು. ಮೂರು ತಿಂಗಳಲ್ಲಿ ಒಬ್ಬ ಯೋಗ್ಯನೂ ನಮ್ಮ ಕಣ್ಣಿಗೆ ಬೀಳಲಿಲ್ಲ!

ಅದೇ ಗ್ರಂಥದಲ್ಲಿ ನಾರಾಯಣ ಪಂಡಿತಾಚಾರ್ಯರು ಶ್ರೀಮದಾಚಾರ್ಯರ ಗ್ರಂಥಭಂಡಾರದ ಅಪಹಾರವನ್ನು ವರ್ಣಿಸಿದ್ದಾರೆ. ಒಂದೊಂದು ಅಕ್ಷರವನ್ನೂ ತಾಳೆಗರಿಯಲ್ಲಿ ಕೊರೆದು ಮಸಿ ತೀಡುತ್ತಿದ್ದ ಕಾಲವದು. ಹೋದ ಗ್ರಂಥವು ಹೋದಂತೆಯೇ ಸರಿ. ಪದ್ಮತೀರ್ಥನ ಕಡೆಗೆ ಹೋದ ಆ ಗ್ರಂಥಗಳು ಕುಂಬಳೆಯ ಜಯಸಿಂಹ ರಾಜನ ಮೂಲಕ ಹಿಂದಿರುಗಿದವು. ಈ ಪ್ರಸಂಗವನ್ನು ಪ್ರವಚನದಲ್ಲಿ ಹೇಳುತ್ತಿರುವಾಗಲೇ ಪೆಟ್ಟಿಗೆಯು ನೆನಪಾಗಿ ನಮ್ಮ ಮಾತು ತಡವರಿಸಿತು. ಅವರು ಕಸಿದು ಇಟ್ಟುಕೊಂಡರು, ನಾವು ಕಸಿಯದೆ ಇಟ್ಟುಕೊಂಡೆವು. ಓದಬೇಕಾದವನಿಗೆ ಇವೆರಡರಲ್ಲಿ ಏನು ಭೇದ?

ಮರುದಿನವೇ ಗ್ರಂಥವನ್ನು ಮೇಜಿನ ಮೇಲಿಟ್ಟೆವು. ಸಾಯಂಕಾಲ ಪಾಠಶಾಲೆಯ ವಿದ್ಯಾರ್ಥಿಯೊಬ್ಬನು ಅದನ್ನೆತ್ತಿಕೊಂಡು ಪುಟ ತಿರುವಿ, "ಆಚಾರ್ಯರೇ, ಈ ಬರಹವನ್ನು ಅಳಿಸಬೇಕೇ?" ಎಂದು ಕೇಳಿದನು.

"ಬೇಡಪ್ಪ. ಕೆಳಗೆ ಇನ್ನೂ ಸ್ಥಳವಿದೆ, ನಿನ್ನ ಸಂಶಯಗಳನ್ನೂ ಬರೆ" ಎಂದೆವು.

ಈ ವಿಜಯದಶಮಿಯಂದೂ ಮಹಾಮಂಗಳಾರತಿಯ ನಂತರ ಪಡಸಾಲೆಯಲ್ಲಿ ಪುಸ್ತಕಗಳನ್ನು ಸ್ವೀಕರಿಸಲಾಗುವುದು. ಹಳೆಯ ಪಂಚಾಂಗಗಳನ್ನು ದಯವಿಟ್ಟು ತರಬಾರದಾಗಿ ಪ್ರಾರ್ಥನೆ.

॥ ಶ್ರೀಕೃಷ್ಣಾರ್ಪಣಮಸ್ತು ॥